ನಮ್ಮವರ ಹುಡಿ ಹೀರುವ ಯಂತ್ರ

ಹಲಸಿನ ಮರ ಕಡೆಯುವಾಗ ಏಳುವ ಹುಡಿ ಎಲ್ಲೆಲ್ಲಿ ಹೋಗಿ ಕೂರಬಲ್ಲದು ಎಂದು ತಿಳಿಯಬೇಕಿದ್ದರೆ ನಮ್ಮ ಮನೆಗೆ ಬರಬೇಕು. ಉಪ್ಪಿನ ಭರಣಿಯ ಮುಚ್ಚಳದೊಳಗೆ, ದೇವರ ದೀಪದ ಎಣ್ಣೆಯ ಮೇಲೆ, ಮಡಚಿಟ್ಟ ರೇಷ್ಮೆ ಸೀರೆಯ ಪದರದಲ್ಲಿ, ನನ್ನ ಕನ್ನಡಕದ ಡಬ್ಬಿಯಲ್ಲಿ. ಹಳದಿ ಬಣ್ಣದ ಈ ಹುಡಿಗೆ ಬಾಗಿಲು, ಕಿಟಕಿ, ಮಾನ, ಮರ್ಯಾದೆ ಯಾವುದೂ ಇಲ್ಲ. ಬಿಳಿ ಪಂಚೆ ಒಗೆದು ಹಾಕಿದರೆ ಸಂಜೆಗೆ ಅರಿಸಿನ ಹಚ್ಚಿಕೊಂಡು ಮದುವೆಗೆ ಹೊರಟ ಹಾಗೆ ಕಾಣುತ್ತದೆ. ನಾನು ಹಪ್ಪಳ, ಸಂಡಿಗೆ ಮಾಡಿ ಅಂಗಡಿಗೆ ಕೊಡುವವಳು. ನನ್ನ ಹಪ್ಪಳಕ್ಕೆ ಯಾಕೆ ಇಷ್ಟು ಚಂದದ ಬಣ್ಣ ಎಂದು ಒಬ್ಬರು ಕೇಳಿದಾಗ ನಾನು ಮಾತು ಬದಲಾಯಿಸಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರು, ರಮಾನಂದ ಆಚಾರಿ. ಹೊನ್ನಾವರದಿಂದ ಕರ್ಕಿ ಕಡೆ ಹೋಗುವ ದಾರಿಯಲ್ಲಿ ಲೇತ್ ರಮಾನಂದನ ಮನೆ ಯಾವುದು ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಲೇತಿಗೆ ಮರದ ತುಂಡು ಸಿಕ್ಕಿಸಿ, ಅದು ಗಿರಗಿರ ತಿರುಗುವಾಗ ಉಳಿ ಹಿಡಿದು ದುಂಡಗೆ ಕಡೆಯುವುದು ಅವರ ಕಸುಬು. ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಭಟ್ಕಳದ ದೊಡ್ಡ ದೊಡ್ಡ ಮನೆಗಳ ಮೆಟ್ಟಿಲಿಗೆ ಕಂಬ. ಕೆಲಸ ನೋಡಿದರೆ ಯಾರೂ ಹೆಸರಿಡುವ ಹಾಗಿಲ್ಲ. ಒಂದೇ ಅಳತೆಯ ಕಂಬಗಳನ್ನು ಸಾಲಾಗಿ ನಿಲ್ಲಿಸಿದರೆ ಯಾವುದನ್ನು ಮೊದಲು ಕಡೆದದ್ದು ಎಂದು ಅವರಿಗೂ ಗೊತ್ತಾಗುವುದಿಲ್ಲ. ಆದರೆ ಅದೇ ಮನುಷ್ಯನಿಗೆ ಕಾಲು ಒರೆಸಿಕೊಂಡು ಒಳಗೆ ಬರಬೇಕು ಎನ್ನುವುದು ಇಷ್ಟು ವರ್ಷದಲ್ಲಿ ತಲೆಗೆ ಹತ್ತಿಲ್ಲ.

ಲೇತಿನ ಶೆಡ್ಡು ನಮ್ಮ ಅಡುಗೆಮನೆಯ ಪಡುಗೋಡೆಗೆ, ಕಡಲ ಬದಿಗೆ, ಅಂಟಿಕೊಂಡೇ ಇದೆ. ಅಲ್ಲೇ ಯಾಕೆ ಕಟ್ಟಿದಿರಿ ಎಂದರೆ, ನೀನು ಚಾ ಕೊಡುವುದಕ್ಕೆ ಹತ್ತಿರ ಆಗಲಿ ಅಂತ ಎನ್ನುತ್ತಾರೆ. ನನ್ನ ಮೇಲೆ ಉಪಕಾರ ಮಾಡಿದ ಹಾಗೆ.

ಹಪ್ಪಳ ಮಾತ್ರ ಹಳದಿಯಾಗಿದ್ದರೆ ಸಹಿಸಿಕೊಂಡು ಬದುಕಬಹುದಿತ್ತು. ನಮಗೆ ಇರುವವಳು ಒಬ್ಬಳೇ ಮಗಳು, ಧನ್ಯಾ. ಅವಳಿಗೆ ನಡೆಯಲು ಬರುವ ಮೊದಲೇ ಉಬ್ಬಸ ಬಂತು. ಹುಡಿ ಮೂಗಿಗೆ ಹೋದರೆ ಸಾಕು, ಎದೆ ಸಿಳ್ಳೆ ಹಾಕುತ್ತಿತ್ತು. ಮಗುವನ್ನು ಈ ಮನೆಯಲ್ಲಿ ಇಡಬೇಡಿ ಎಂದು ಡಾಕ್ಟರು ಖಡಕ್ಕಾಗಿ ಹೇಳಿದ ಮೇಲೆ ಗೇರುಸೊಪ್ಪದಲ್ಲಿ ನನ್ನ ಅಮ್ಮನ ಮನೆಗೆ ಬಿಟ್ಟು ಬಂದೆವು. ಶಾಲೆ, ಆಟ, ಜ್ವರ, ಹಲ್ಲು ಬಿದ್ದದ್ದು ಎಲ್ಲ ಅಲ್ಲಿಯೇ. ಇವರು ಭಾನುವಾರ ನನ್ನ ಜತೆ ಬಸ್ಸು ಹತ್ತಿ ಹೋಗಿ, ಮೀನು ಸಾರು ಊಟ ಮಾಡಿ, ಮಗಳಿಗೆ ಒಂದು ಬುಗುರಿ ಕೊಟ್ಟು ವಾಪಸು ಬರುತ್ತಿದ್ದರು. ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಟ್ಟೆಗೆ ಅನ್ನ ಹಾಕುವ ಲೇತೇ ಮಗಳನ್ನು ಮನೆಯಿಂದ ಹೊರಗೆ ಹಾಕಿತು. ಆ ಸಂಕಟ ನನಗೂ ಇತ್ತು. ನಾನು ಅತ್ತು ಹಗುರ ಮಾಡಿಕೊಂಡೆ, ಅವರಿಗೆ ಅದೂ ಬರುವುದಿಲ್ಲ.

ಧನ್ಯಾಳನ್ನು ಕುಮಟಾಕ್ಕೆ ಕೊಟ್ಟೆವು. ಅಳಿಯ ಗುರುದತ್ತ ಒಳ್ಳೆಯವನು, ಕಾಲೇಜಿನಲ್ಲಿ ಕೆಲಸ. ಹೋದ ವರ್ಷ ಅವಳು ಬಸುರಿಯಾದಳು. ಮೊದಲ ಬಾಣಂತನ ತವರಿನಲ್ಲಿ ಎನ್ನುವುದು ಪದ್ಧತಿ. ಆದರೆ ಸೀಮಂತದ ದಿನ ಎಲೆ ತೆಗೆದಾದ ಮೇಲೆ ಬೀಗತಿ ಗಣಪಿಯಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

"ವಿನುತಕ್ಕ, ಬೇಜಾರು ಮಾಡ್ಕಬೇಡಿ. ಪದ್ಧತಿ ನಾನೂ ಬಲ್ಲೆ. ಆದ್ರೆ ನಿಮ್ಮನೆ ಹುಡೀಲಿ ಈ ಹುಡುಗಿ ಉಸಿರಾಡೂದು ಹ್ಯಾಂಗೆ? ಹುಟ್ಟುವ ಕೂಸಿನ ಕತೆ ಎಂತ? ಬಾಣಂತನ ಇಲ್ಲೇ ಆಗ್ಲಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು. ಪಕ್ಕದಲ್ಲಿದ್ದ ಧನ್ಯಾ ಅಪ್ಪನ ಮುಖ ನೋಡಿದಳು.

"ಅಪ್ಪಾ, ಹೀಂಗೆ ಮಾಡುವ. ನೀವು ಎಂತಾರೂ ವ್ಯವಸ್ಥೆ ಮಾಡಿ. ಲೇತ್ ತಿರುಗ್ತಾ ಇರುವಾಗ ನಾನೊಂದು ಮಧ್ಯಾಹ್ನ ಬಂದು ಕೂತು ನೋಡ್ತೆ. ಉಬ್ಬಸ ಬರ್ದಿದ್ರೆ ಬಾಣಂತನಕ್ಕೆ ಬರ್ತೆ. ಬಂದ್ರೆ ಇಲ್ಲೇ ಇರ್ತೆ."

"ಆತು" ಎಂದರು ಇವರು. ಅಷ್ಟೇ.

ಬಸ್ಸಿನಲ್ಲಿ ಬರುವಾಗ ನಾನು ಸುಲಭದ ದಾರಿ ಹೇಳಿದೆ. "ಬಾಣಂತನ ಮುಗಿಯುವವರೆಗೆ ಲೇತ್ ಬಂದ್ ಮಾಡಿ. ಅಷ್ಟೇ ಸಾಕು."

"ಅದು ಹುಡಿ ನಿಲ್ಸಿದ ಹಾಂಗೆ ಆಗೂದಿಲ್ಲ ಮಾರಾಯ್ತಿ. ಬಾಣಂತನ ಮುಗಿದ ಮೇಲೆ ಎಂತ? ಚೌತಿಗೆ ಬರೂದು ಬೇಡ್ವ? ದೀಪಾವಳಿಗೆ? ಅವ್ಳು ಯಾವಾಗ ಬೇಕಾರೂ ಬರುವ ಹಾಂಗೆ ಆಗ್ಬೇಕು."

ಆ ಮಾತಿಗೆ ನಾನೂ ತಲೆಯಾಡಿಸಿದೆ ಎನ್ನುವುದು ನಿಜ. ಆದರೆ ಆ ಮಾತಿನ ಬೆನ್ನಿಗೆ ಏನೇನು ಬರಲಿದೆ ಎಂದು ಗೊತ್ತಿದ್ದರೆ ಅಲ್ಲಿಯೇ ಬಸ್ಸಿನಿಂದ ಇಳಿದುಬಿಡುತ್ತಿದ್ದೆ.

ಮೊದಲು ಹೋದದ್ದು ನನ್ನ ವ್ಯಾಕ್ಯೂಮ್ ಕ್ಲೀನರ್. ಗುರುದತ್ತ ಪ್ರೀತಿಯಿಂದ ತಂದುಕೊಟ್ಟದ್ದು. ಅದರ ಮೂತಿಯನ್ನು ಲೇತಿಗೆ ಕಟ್ಟಿ ಮಂಚದ ಕಾಲು ಕಡೆಯತೊಡಗಿದರು. ಮಂಚದ ಕಾಲು ಮುಗಿಯುವ ಮೊದಲು ಕ್ಲೀನರಿನ ಆಯುಷ್ಯ ಮುಗಿಯಿತು. ಸುಟ್ಟ ವಾಸನೆ ಬಂದಾಗ ನಾನು ಓಡಿ ಹೋದರೆ ಇವರು ಶಾಂತವಾಗಿ, "ಇದಕ್ಕೆ ತಾಕತ್ತು ಸಾಲೂದಿಲ್ಲ" ಎಂದರು. ನನ್ನ ಸಾಮಾನಿಗೆ ತಾಕತ್ತು ಸಾಲದಂತೆ!

ಆಮೇಲೆ ಮೊಬೈಲು ಹಿಡಿದರು. ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಲೇತಿಗೆ ಹುಡಿ ಹೀರುವ ಯಂತ್ರವನ್ನು ಮನೆಯಲ್ಲೇ ಮಾಡಿಕೊಂಡ ವಿಡಿಯೋ. ಅವನ ಭಾಷೆ ಇವರಿಗೆ ತಿಳಿಯುವುದಿಲ್ಲ, ಆದರೆ ಕೈ ತಿಳಿಯುತ್ತದಂತೆ. ಊಟಕ್ಕೆ ಕೂತರೂ ತಟ್ಟೆಯ ಪಕ್ಕದಲ್ಲಿ ಗಡ್ಡದವನು. ನಾನು ಬಡಿಸಿದ್ದು ಬಂಗಡೆಯೋ ಬದನೆಕಾಯಿಯೋ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಯಂತ್ರದ ಸಂಗತಿ ಇಷ್ಟು. ಲೇತಿನ ಹಿಂದೆ ಒಂದು ದೊಡ್ಡ ಬಾಯಿ. ಅದಕ್ಕಾಗಿ ನನ್ನ ಪ್ಲಾಸ್ಟಿಕ್ ಕೊಡಪಾನವನ್ನು ಅರ್ಧಕ್ಕೆ ಕೊಯ್ದರು. ಬಾಯಿಂದ ಪೈಪು ಮುಚ್ಚಳ ಹಾಕಿದ ಡ್ರಮ್ಮಿಗೆ. ಡ್ರಮ್ಮಿನೊಳಗೆ ಗಾಳಿ ಸುಳಿ ಸುತ್ತುತ್ತದೆ, ಚಕ್ಕೆ, ಹೊಟ್ಟು ಎಲ್ಲ ಕೆಳಗೆ ಬೀಳುತ್ತದೆ. ಡ್ರಮ್ಮಿನಿಂದ ಇನ್ನೊಂದು ಪೈಪು ಬ್ಲೋವರಿಗೆ, ಹೀರುವ ಕೆಲಸ ಅದರದು. ಬ್ಲೋವರ್ ಸಿಕ್ಕಿದ್ದು ಮುಟ್ಟಳ್ಳಿಯ ನಾಗರಾಜನಲ್ಲಿ. ಅವನ ಅಕ್ಕಿ ಗಿರಣಿ ನಿಂತುಹೋಗಿ ಕಾಲವಾಯಿತು, ಹೊಟ್ಟು ಊದುತ್ತಿದ್ದ ಬ್ಲೋವರುಗಳು ಮೂಲೆಯಲ್ಲಿ ಬಿದ್ದಿದ್ದವು. ಅದನ್ನು ಚಾಲೂ ಮಾಡಿದರೆ ನಮ್ಮ ಮನೆಯಲ್ಲಿ ಗಿರಣಿ ಶುರುವಾದ ಹಾಗೆ ಗೂಂ ಎನ್ನುತ್ತದೆ. ಕುಕ್ಕರ್ ಸೀಟಿ ಕೇಳುವುದಿಲ್ಲ, ಫೋನು ಕೇಳುವುದಿಲ್ಲ, ನಾನು ಬೈದದ್ದು ಅವರಿಗೆ ಕೇಳುವುದಿಲ್ಲ. ಕೊನೆಯದು ಅವರಿಗೆ ಅನುಕೂಲ.

ಇನ್ನು ಬ್ಲೋವರಿನಿಂದ ಹೊರಗೆ ಬರುವ ನಯವಾದ ಹುಡಿ. ಕಣ್ಣಿಗೆ ಕಾಣದ, ಎದೆಗೆ ಹೋಗುವ ಹುಡಿ ಅದೇ. ಗಡ್ಡದವನ ಬಳಿ ಅದಕ್ಕೆ ದೊಡ್ಡ ಫಿಲ್ಟರ್ ಇತ್ತು. ಇವರ ಬಳಿ ನನ್ನ ನೂಲಿನ ಸೀರೆ ಇತ್ತು. ಹೊಲಿದು ಚೀಲ ಮಾಡಿ ಪೈಪಿನ ಬಾಯಿಗೆ ಕಟ್ಟಿದರು. ಅದು ಉಬ್ಬಿತು, ಇನ್ನಷ್ಟು ಉಬ್ಬಿತು, ಒಡೆಯಿತು. ಅಡುಗೆಮನೆಯಲ್ಲಿ ನನ್ನ ಕೈಯ ಸೌಟು ಕಾಣದಷ್ಟು ಹುಡಿ. ಅದಕ್ಕೆ ಚೀಲವೇ ಬೇಡ, ಪೈಪನ್ನು ಪಡುಗಿಟಕಿಯಿಂದ ಹೊರಗೆ ಬಿಟ್ಟು ಹುಡಿಯನ್ನು ಊರಾಚೆ ಕಳಿಸುವುದು ಎಂದು ತೀರ್ಮಾನವಾಯಿತು. ಬೆಳಿಗ್ಗೆ ನಡೆಸಿ ನೋಡಿದರು. ಹುಡಿಯೆಲ್ಲ ಕಡಲ ಕಡೆ ಹೊರಟುಹೋಯಿತು. ಶೆಡ್ಡಿನ ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ. ಅಲ್ಲಿಂದ ಇಳಿಯುವ ಬಿಸಿಲುಕೋಲಿನಲ್ಲಿ ಒಂದು ಕಣವೂ ತೇಲುತ್ತಿರಲಿಲ್ಲ. ಇವರು ಸೊಂಟಕ್ಕೆ ಕೈಯಿಟ್ಟು ಆ ಬಿಸಿಲನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮಗಳಿಗೆ ಫೋನು.

ಧನ್ಯಾ ಮನೆಕೆಲಸ ಮುಗಿಸಿ, ಕುಮಟಾದಿಂದ ಬಸ್ಸು ಹಿಡಿದು ಬರುವಾಗ ಊಟದ ಹೊತ್ತು ಕಳೆದಿತ್ತು. ಇವರು ಹೆಮ್ಮೆಯಿಂದ ಸ್ವಿಚ್ ಹಾಕಿದರು. ಗೂಂ ಎಂದಿತು. ಅದರ ಹಿಂದೆಯೇ ಒಣಮೀನಿನ ನಾತ! ಎಂತಹ ನಾತ ಅಂತೀರಿ, ಮೀನು ತಿನ್ನುವ ನಮಗೇ ತಡೆಯಲಿಲ್ಲ. ಬಸುರಿ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ವಿಚಾರಿಸಿದರೆ ಡ್ರಮ್ಮು ತದಡಿ ಬಂದರಿನದು, ಉಪ್ಪುಮೀನು ತುಂಬುತ್ತಿದ್ದದ್ದು.

"ತೊಳ್ದಿದ್ದೆ" ಎಂದರು.

"ಎಂತದ್ರಲ್ಲಿ?"

"ನೀರಲ್ಲಿ."

ಇಂಥವರ ಜತೆ ಏನು ಮಾತಾಡುವುದು? ಬೆಳಿಗ್ಗೆ ನಡೆಸಿದಾಗ ನಾತ ಇರಲಿಲ್ಲವಂತೆ. ನನಗೆ ಆಗಲೇ ಸಂಶಯ ಬರಬೇಕಿತ್ತು, ಬರಲಿಲ್ಲ. ಹುಣಸೆಹಣ್ಣು ಹಚ್ಚಿ, ಸೀಗೆಪುಡಿ ಹಾಕಿ, ಅಂಗಳದ ಬಿಸಿಲಿಗೆ ಒಣಗಿಸಿ ಆ ಡ್ರಮ್ಮನ್ನು ಶುದ್ಧ ಮಾಡಿದವಳು ನಾನು. ಓಣಿಯ ಬೆಕ್ಕುಗಳೆಲ್ಲ ಅದರ ಸುತ್ತ ಕೂತು ನನ್ನನ್ನೇ ನೋಡುತ್ತಿದ್ದವು.

ಮತ್ತೆ ಬೆಳಿಗ್ಗೆ ಪರೀಕ್ಷೆ ಮಾಡಿದರು, ಬಿಸಿಲುಕೋಲು ಶುದ್ಧ. ಮಗಳಿಗೆ ಮತ್ತೆ ಫೋನು. ಧನ್ಯಾ ಮತ್ತೆ ಊಟದ ಹೊತ್ತು ದಾಟಿಸಿ ಬಂದಳು. ನಾತ ಇಲ್ಲ. ಅವಳು ಅಡುಗೆಮನೆಯಲ್ಲಿ ಕಾಲು ನೀಡಿ ಕೂತಳು, ನಾನು ಅವಳ ಇಷ್ಟದ ಪತ್ರೊಡೆ ಬಿಸಿ ಮಾಡುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅವಳ ಎದೆಯಿಂದ ಸಿಳ್ಳೆ ಕೇಳಿತು. ಅವಳು ಚಿಕ್ಕವಳಿದ್ದಾಗ ಕೇಳಿದ ಅದೇ ಸದ್ದು. ಕೈಚೀಲದಿಂದ ಉಬ್ಬಸದ ಪಂಪು ತೆಗೆದು ಬಾಯಿಗೆ ಇಟ್ಟುಕೊಂಡಳು. ಇವರು ಲೇತ್ ನಿಲ್ಲಿಸಿ ಬಾಗಿಲಲ್ಲಿ ನಿಂತರು. ಕೈಯಲ್ಲಿ ಉಳಿ ಹಾಗೇ ಇತ್ತು.

"ಅಪ್ಪಾ, ಇರ್ಲಿ ಬಿಡಿ. ನೀವು ಅಲ್ಲಿಗೇ ಬಂದು ನೋಡಿದ್ರೆ ಆತು" ಎಂದಳು.

ಅವಳು ಸಮಾಧಾನಕ್ಕೆ ಹೇಳಿದ್ದು. ಆದರೆ ಅವರ ಮುಖ ನೋಡಲಾಗಲಿಲ್ಲ. ಬಸ್ಸು ಹತ್ತಿಸಿ ಬಂದು, ಶೆಡ್ಡಿನ ಮೆಟ್ಟಿಲ ಮೇಲೆ ಕೂತು, "ಬೆಳಿಗ್ಗೆ ಒಂದು ಕಣ ಇರ್ಲಿಲ್ಲ. ಒಂದು ಕಣ ಇರ್ಲಿಲ್ಲ" ಎಂದು ಅದನ್ನೇ ಹೇಳುತ್ತಿದ್ದರು.

ನಾನು ಅಂಗಳದಲ್ಲಿ ಹಪ್ಪಳದ ಚಾಪೆ ಎತ್ತುತ್ತಿದ್ದೆ. ಚಾಪೆಯ ಮೇಲೆ ಹೊದೆಸಿದ ಬಟ್ಟೆ ಪಟಪಟ ಹೊಡೆದುಕೊಂಡು ಮೂಡುಗಡೆಗೆ, ಗುಡ್ಡದ ಕಡೆಗೆ, ಹಾರುತ್ತಿತ್ತು. ಅದನ್ನು ಹಿಡಿಯುತ್ತಿದ್ದ ಹಾಗೆ ನನ್ನ ಪಿತ್ತ ನೆತ್ತಿಗೇರಿತು.

"ನೀವು ಯಾವ ಊರಲ್ಲಿ ಹುಟ್ಟಿದವ್ರು?" ಎಂದೆ.

"ಎಂತ?"

"ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ ಹೋಗ್ತದೆ. ಊಟ ಆದ ಮೇಲೆ ಕಡಲಿಂದ ಇತ್ಲಾಗೆ ಬರ್ತದೆ. ಮಧ್ಯಾಹ್ನ ಆದ್ರೆ ನಾನು ಚಾಪೆ ಎತ್ತಿ ಮನೆಯ ಆಚೆ ಬದಿಗೆ ಹಾಕೂದು ನೀವು ನೋಡ್ಲಿಲ್ವ? ನೀವು ಪೈಪು ಬಿಟ್ಟದ್ದು ಪಡುಗಡೆಗೆ, ಪರೀಕ್ಷೆ ಮಾಡೂದು ಬೆಳಿಗ್ಗೆ, ಮಗಳು ಬರೂದು ಮಧ್ಯಾಹ್ನ! ನೀವು ಹೊರಗೆ ಕಳ್ಸಿದ ಹುಡಿಯನ್ನ ಕಡಲ ಗಾಳಿ ತಕಂಡು ಬಂದು ನನ್ನ ಅಡುಗೆಮನೇಲೇ ಹಾಕ್ತದೆ. ಆ ಗಡ್ಡದವನ ಊರಲ್ಲಿ ಕಡಲು ಇರ್ಲಿಕ್ಕಿಲ್ಲ. ನಿಮ್ಮೂರಲ್ಲಿ ಅದೆಯಲ್ಲ!"

ಅವರು ಎದ್ದು ನಿಂತು ತೆಂಗಿನ ಗರಿಗಳನ್ನು ನೋಡಿದರು. ಗರಿಗಳೆಲ್ಲ ಮೂಡುಗಡೆಗೆ ಬಾಗಿದ್ದವು. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ, ಮೊದಲ ಸಲ ನೋಡಿದವರ ಹಾಗೆ ನೋಡಿದರು.

"ಹೌದಲ್ಲ ಮಾರಾಯ್ತಿ" ಎಂದರು.

ಆಗ ನನಗೆ ಬಂದ ಸಿಟ್ಟನ್ನು ಬರೆದು ಮುಗಿಸಲಾಗದು.

ಪೈಪನ್ನು ಮಾಡಿನ ಕೆಳಗಿಂದ ಮೂಡುಗಡೆಗೂ ಎಳೆದು, ಕವಲಿಗೆ ಎರಡು ಮುಚ್ಚಳ ಮಾಡಿದರು. ಬೆಳಿಗ್ಗೆ ಪಡುಬಾಯಿ ತೆರೆದಿರಬೇಕು. ಊಟವಾದ ಮೇಲೆ ಅದನ್ನು ಮುಚ್ಚಿ ಮೂಡುಬಾಯಿ ತೆರೆಯಬೇಕು. ಮಾಡಿದ ಮನುಷ್ಯನಿಗೆ ಅದು ಒಂದು ದಿನವೂ ನೆನಪಾಗುವುದಿಲ್ಲ. ಹಾಗಾಗಿ ತಟ್ಟೆ ತೊಳೆದು, ಹಪ್ಪಳದ ಚಾಪೆ ಬದಿ ಬದಲಿಸಿ, ಪೈಪಿನ ಬಾಯಿ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಈ ಸಲ ನಾನೇ ಮಧ್ಯಾಹ್ನ ಲೇತ್ ಹಾಕಿಸಿ, ಬಿಸಿಲುಕೋಲು ನೋಡಿ, ಆಮೇಲೆ ಮಗಳಿಗೆ ಫೋನು ಮಾಡಿದೆ. ಗಣಪಿಯಮ್ಮನೂ ಜತೆಗೆ ಬಂದರು, ಸಾಕ್ಷಿಗೆ. ಇವರು ಹಲಸಿನ ಕಂಬ ಕಡೆದರು, ಉಪ್ಪುಕಾಗದ ಹಾಕಿ ಉಜ್ಜಿದರು. ಧನ್ಯಾ ಚಾ ಕುಡಿದಳು, ನಿದ್ದೆ ಮಾಡಿದಳು, ಎದ್ದು ಮತ್ತೆ ಚಾ ಕೇಳಿದಳು. ಎದೆ ತೆಪ್ಪಗಿತ್ತು. ಗಣಪಿಯಮ್ಮ ನಮ್ಮ ಕಿಟಕಿಯ ಸರಳಿನ ಮೇಲೆ ಬೆರಳು ಎಳೆದು, ಬೆರಳನ್ನು ನೋಡಿಕೊಂಡು, "ಸದ್ದು ಒಂದು ವಿಪರೀತ. ಕೂಸು ಮಲಗೂದು ಹ್ಯಾಂಗೋ ಎಂತೋ" ಎಂದರು. ಏನಾದರೂ ಒಂದು ಹೇಳದೆ ಹೋಗಬಾರದಲ್ಲ.

ಮಗಳು ಬಂದಳು. ಹೆಣ್ಣು ಕೂಸು ಹುಟ್ಟಿತು. ಡ್ರಮ್ಮಿನ ಹೊಟ್ಟಿನಲ್ಲೇ ಬಚ್ಚಲ ಒಲೆ ಉರಿಸಿ ಬಾಣಂತಿಗೆ ನೀರು ಕಾಯಿಸಿದೆ. ಇವರು ಗೋಡೆಯ ಆಚೆ ಕಡೆಯುತ್ತಿದ್ದರು, ಈಚೆ ಮಗಳು, ಮೊಮ್ಮಗಳು ಮಲಗುತ್ತಿದ್ದರು. ಚಾಕ್ಕೆ ಬಂದಾಗ ಕಾಲು ಒರೆಸಿ, ಕೈ ತೊಳೆದು, ಅಂಗಿ ಬದಲಿಸಿ ಒಳಗೆ ಬರುತ್ತಿದ್ದರು. ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದು ಹಾಗಾದರೆ ಕೇಳಿಸುತ್ತಿತ್ತು ಎಂದಾಯಿತು.

ಅಮಾವಾಸ್ಯೆ ಬಂತು. ಆ ದಿನ ಆಚಾರಿಗಳು ಉಳಿ ಮುಟ್ಟುವುದಿಲ್ಲ. ಮನೆಯೆಲ್ಲ ನಿಶ್ಶಬ್ದ, ನನಗೆ ಸ್ವರ್ಗ. ಆದರೆ ಕೂಸು ಬೆಳಿಗ್ಗೆ ಅಳಲು ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ಹಾಲು ಕೊಟ್ಟಾಯಿತು, ಹೊಟ್ಟೆಗೆ ಎಣ್ಣೆ ನೀವಿದ್ದಾಯಿತು. ಅಮಾವಾಸ್ಯೆಯ ದೃಷ್ಟಿ ಎಂದು ಉಪ್ಪು ಮೆಣಸು ಇಳಿ ತೆಗೆದು ಒಲೆಗೆ ಹಾಕಿದ್ದಾಯಿತು. ಮೆಣಸಿನ ಘಾಟಿಗೆ ಧನ್ಯಾ ಕೆಮ್ಮತೊಡಗಿದಳು. ಇವರು ಗಾಬರಿಯಾಗಿ ಶೆಡ್ಡಿಗೆ ಓಡಿ, ಘಾಟು ಹೀರಲಿ ಎಂದು ಬ್ಲೋವರ್ ಹಾಕಿದರು. ಗೂಂ ಎಂದಿತು. ಕೂಸು ಬಾಯಿ ಮುಚ್ಚಿತು. ಕಣ್ಣೂ ಮುಚ್ಚಿತು.

ಬಂದ್ ಮಾಡಿದರೆ ಅಳು. ಹಾಕಿದರೆ ನಿದ್ದೆ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆ ದಿನದಿಂದ ಲೇತ್ ತಿರುಗಲಿ ಬಿಡಲಿ, ನಮ್ಮ ಮನೆಯಲ್ಲಿ ಗಿರಣಿ. ಕೂಸು ಒಬ್ಬಳನ್ನು ಬಿಟ್ಟು ಯಾರಿಗೂ ನೆಮ್ಮದಿಯಿಲ್ಲ. ಕರೆಂಟು ಹೋದರೆ ಇವರು ತೊಟ್ಟಿಲ ಪಕ್ಕ ಕೂತು ಬಾಯಲ್ಲಿ ಗೂಂ ಎನ್ನುತ್ತಿದ್ದರು. ಮಗಳ ಬಾಲ್ಯ ಪೂರಾ ಕೈತಪ್ಪಿಸಿಕೊಂಡ ಮನುಷ್ಯ ಹಾಗೆ ಕೂತದ್ದನ್ನು ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ಅದೂ ಒಂದು ಕಷ್ಟ.

ಮಳೆ ಹಿಡಿದ ಮೇಲೆ ತಾಯಿ ಮಗು ಕುಮಟಾಕ್ಕೆ ಹೋದರು. ನಾಲ್ಕು ದಿನ ಕಳೆಯುವುದರೊಳಗೆ ಗಣಪಿಯಮ್ಮನ ಫೋನು.

"ವಿನುತಕ್ಕ, ಕೂಸು ಮಳೆ ಹೊಯ್ಯುವಾಗ ಮಲಗ್ತದೆ, ಮಳೆ ಬಿಟ್ರೆ ಎದ್ದು ಬೊಬ್ಬೆ. ಧನ್ಯಾ ಬಡವಾಗಿ ಹೋದ್ಲು. ಮೊಬೈಲಲ್ಲಿ ಸದ್ದು ಹಾಕಿದ್ವಿ, ಅದಕ್ಕೆ ಮೋಸ ಗೊತ್ತಾಗ್ತದೆ. ಭಾವನಿಗೆ ಹೇಳಿ ಆ ಮಿಶನ್ನು ಒಂದು..."

ಹುಡಿ ಮನೆ ಎಂದವರು, ಸದ್ದು ವಿಪರೀತ ಎಂದವರು! ನಾನು ಒಂದೆರಡು ಮಾತು ಆಡಬೇಕು ಎನ್ನುವಷ್ಟರಲ್ಲಿ ಇವರು ಪಾನಾ ಹಿಡಿದು ಬ್ಲೋವರಿನ ಬೋಲ್ಟು ಬಿಚ್ಚುತ್ತಿದ್ದರು.

"ಅದನ್ನ ಕೊಟ್ರೆ ಇಲ್ಲಿ ಹುಡಿ ಹೀರೂದು ಎಂತ?" ಎಂದೆ. "ಧನ್ಯಾ ಚೌತಿಗೆ ಬರೂದು ಹ್ಯಾಂಗೆ?"

ಅವರ ಕೈ ನಿಂತಿತು. ಅದು ಅವರಿಗೆ ಹೊಳೆದಿರಲಿಲ್ಲ ಎಂದಲ್ಲ. ಬಿಚ್ಚಿದ ಬೋಲ್ಟನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

"ಕೂಸಿಗೆ ನಿದ್ದೆ ಇಲ್ವಲ್ಲ" ಎಂದರು. "ನಾವೇ ಹೋಗಿ ನೋಡಿದ್ರೆ ಆತು. ಗೇರುಸೊಪ್ಪಕ್ಕೆ ಹೋಗ್ತಿರ್ಲಿಲ್ವ?"

ಅಷ್ಟು ಹೇಳಿ ಇನ್ನೊಂದು ಬೋಲ್ಟಿಗೆ ಕೈ ಹಾಕಿದರು. ಟೆಂಪೋದಲ್ಲಿ ಬ್ಲೋವರಿನ ಪಕ್ಕ, ಅದಕ್ಕೆ ಪ್ಲಾಸ್ಟಿಕ್ ಹೊದೆಸಿ, ತಾವು ನೆನೆಯುತ್ತ ಕೂತು ಕುಮಟಾಕ್ಕೆ ಹೋದರು. ಡ್ರಮ್ಮು, ಪೈಪು, ನನ್ನ ಅರ್ಧ ಕೊಡಪಾನ ಎಲ್ಲ ಇಲ್ಲಿ ಬಿದ್ದಿದೆ. ಮರುದಿನದಿಂದ ಮತ್ತೆ ಉಪ್ಪಿನ ಭರಣಿ ಹಳದಿ, ಪಂಚೆ ಹಳದಿ. ಕುಮಟಾದಲ್ಲಿ ಕೂಸು ಗಡದ್ದಾಗಿ ನಿದ್ದೆ ಮಾಡುತ್ತಿದೆ ಎಂದು ಸುದ್ದಿ ಬಂತು. ಇವರು ಅದನ್ನೇ ಕೇಳಿಕೊಂಡು, ಹುಡಿಯಲ್ಲಿ ಕೂತು ಕಂಬ ಕಡೆಯುತ್ತಿದ್ದರು. ಕಾಲು ಒರೆಸುವುದನ್ನೂ ಬಿಟ್ಟಿದ್ದರು.

ಅದು ನನಗೆ ತಡೆಯಲಿಲ್ಲ. ಇವರು ಭಾನುವಾರ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕೂರುವುದನ್ನು ಇನ್ನೊಂದು ಸುತ್ತು ನೋಡುವ ಶಕ್ತಿ ನನಗಿಲ್ಲ. ಮುಟ್ಟಳ್ಳಿಗೆ ನಾನೇ ಫೋನು ಹಚ್ಚಿದೆ.

"ನಾಗರಾಜಣ್ಣ, ನಿಮ್ಮ ಗಿರಣೀಲಿ ಇನ್ನೊಂದು ಬ್ಲೋವರ್ ಇತ್ತಲ್ಲ? ಅದು ಬೇಕಿತ್ತು, ಚೌತಿ ಒಳಗೆ."

"ರಮಾನಂದಣ್ಣ ಹೇಳಿದ್ರ?" ಎಂದ ನಾಗರಾಜ.

"ಅವ್ರು ಎಂತ ಹೇಳ್ತ್ರು? ನಾ ಹೇಳೂದು" ಎಂದೆ. "ಮಧ್ಯಾಹ್ನ ಊಟ ಆದ ಮೇಲೆ ತಕಂಡು ಬನ್ನಿ, ಕಡಲ ಗಾಳೀಲೇ ಪರೀಕ್ಷೆ ಆಗ್ಲಿ. ಬೆಳಿಗ್ಗೆ ಬೇಡ."